ಖಡಕ್ ಇನ್ಸ್‌ಪೆಕ್ಟರ್ ಯಾರಿಗೆ ಬೇಕು?

“ಪೊಲೀಸರ ಕೈ ಕಟ್ಟಿಹಾಕಿದ್ದಾರೆ ಕಣ್ರೀ. ಎಮರ್ಜೆನ್ಸಿಯ ಹಾಗೆ ಒಂದು ವರ್ಷ ಪೂರ್ತಿ ಅಧಿಕಾರ ಕೊಟ್ಟು ನೋಡಲಿ, ಊರು ತಾನಾಗಿ ಸರಿಹೋಗುತ್ತೆ.”

ಬನಶಂಕರಿಯ ನಮ್ಮ ರಸ್ತೆಯಲ್ಲಿ, ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೂವು ಕೊಳ್ಳುವಾಗ, ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರೇನಲ್ಲ. ನನ್ನಂತೆಯೇ ನಾಲ್ಕಕ್ಷರ ಓದಿ, ಮನೆ ನೋಡಿಕೊಂಡು ಕೆಲಸಕ್ಕೂ ಹೋಗುವ ಹೆಂಗಸರು. ಆಗ ರೈಲುಗಳು ಸಮಯಕ್ಕೆ ಸರಿಯಾಗಿ ಬರುತ್ತಿದ್ದವಂತೆ ಎಂದು ಒಬ್ಬರು ಸೇರಿಸುತ್ತಾರೆ. ಆ ರೈಲು ಹತ್ತಿದವರು ನಮ್ಮಲ್ಲಿ ಯಾರೂ ಇಲ್ಲ. ನಾವೆಲ್ಲ ಆಗ ಸ್ಲೇಟು ಬಳಪ ಹಿಡಿದ ಮಕ್ಕಳು.

ಈ ನಂಬಿಕೆ ನಮಗೆ ಬಂದದ್ದು ಹೆಚ್ಚಾಗಿ ಸಿನಿಮಾದಿಂದ. ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಅಂತ’ 1981ರಲ್ಲಿ ಚಿತ್ರವಾಯಿತು. 1988ರಲ್ಲಿ ಶಂಕರ್‌ನಾಗ್ ‘ಸಾಂಗ್ಲಿಯಾನ’ ಆಗಿ ಬಂದರು. ನಾವು ಶಿಳ್ಳೆ ಹೊಡೆಯಲಿಲ್ಲ, ಅಷ್ಟೇ. 2019ರ ಏಪ್ರಿಲ್‌ನಲ್ಲಿ ಬಂದ ಹೇಮಂತ್ ಎಂ. ರಾವ್ ಅವರ ‘ಕವಲುದಾರಿ’ಯಂತೂ ತುರ್ತುಪರಿಸ್ಥಿತಿಯ ಕಾಲದ ಕೊಲೆಯನ್ನೇ ಎತ್ತಿಕೊಂಡಿತು. ಬೆಂಗಳೂರಿನ ನೆಲ ಅಗೆದಾಗ ಮೂಳೆಗಳು ಸಿಗುತ್ತವೆ. ಟ್ರಾಫಿಕ್ ಪೊಲೀಸೊಬ್ಬ ಯಾರೂ ಹೇಳದೆಯೇ ನಲವತ್ತು ವರ್ಷ ಹಳೆಯ ಕೇಸಿನ ಬೆನ್ನು ಹತ್ತುತ್ತಾನೆ. ಜೊತೆಗೆ ನಿವೃತ್ತ ಅಧಿಕಾರಿಯಾಗಿ ಅನಂತನಾಗ್. ಒಳ್ಳೆಯ ಚಿತ್ರ, ಎರಡು ಸಲ ನೋಡಿದೆ. ನನ್ನ ತಕರಾರು ಚಿತ್ರದ ಮೇಲಲ್ಲ, ಅದನ್ನು ನೋಡಿ ನಾವು ಮನೆಗೆ ತರುವ ನೆಮ್ಮದಿಯ ಮೇಲೆ. ದುರಾಸೆಯ ನಾಲ್ಕು ಜನರಿಂದ ಅನ್ಯಾಯವಾಯಿತು, ಹಠಮಾರಿಯೊಬ್ಬ ಬಂದ, ಸತ್ಯ ಹೊರಬಿತ್ತು. ಸರಿ, ಇನ್ನು ಊಟಕ್ಕೇಳಿ!

ಇದೇ ಬೆಂಗಳೂರಿನಲ್ಲಿ ಆ ದಿನಗಳಲ್ಲಿ ನಿಜವಾಗಿ ನಡೆದದ್ದನ್ನು ಸ್ವಲ್ಪ ನೋಡೋಣ. ತಾರೀಖುಗಳನ್ನು ಗಮನಿಸಿ, ಕಥೆಯೆಲ್ಲ ಅವುಗಳಲ್ಲೇ ಇದೆ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು, ತುರ್ತುಪರಿಸ್ಥಿತಿಯಲ್ಲಿ ಬಂಧಿತರಾದವರು ತಮ್ಮನ್ನು ಏಕೆ ಹಿಡಿದಿರಿ ಎಂದು ನ್ಯಾಯಾಲಯದಲ್ಲಿ ಕೇಳುವಂತಿಲ್ಲ ಎಂದಿತು. ಐವರಲ್ಲಿ ಒಬ್ಬರು, ಎಚ್.ಆರ್. ಖನ್ನಾ ಮಾತ್ರ ಒಪ್ಪಲಿಲ್ಲ. ಮೂರೇ ದಿನ ಕಳೆದು, ಮೇ 1ರಂದು, ಬೆಂಗಳೂರಿನ ಪೊಲೀಸರು ಲಾರೆನ್ಸ್ ಫರ್ನಾಂಡಿಸ್ ಅವರನ್ನು ಕರೆದೊಯ್ದರು. ಅವರ ಅಪರಾಧವೇನು? ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರ ತಮ್ಮನಾಗಿ ಹುಟ್ಟಿದ್ದು. ಅಣ್ಣ ಎಲ್ಲಿ ಹೇಳು ಎಂದು ಹೊಡೆದರು, ಹಿಂಸಿಸಿದರು. ಎಷ್ಟೋ ದಿನ ಮನೆಯವರಿಗೆ ಸುಳಿವಿಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ್ದೂ ಇಲ್ಲ. ಕೊನೆಗೆ ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗಳಿಗೆ ಪತ್ರ ಬರೆದರು. ಮಗನಿಗೆ ಮಾಡಿದ್ದನ್ನೆಲ್ಲ ಒಬ್ಬ ತಾಯಿ ಕೂತು ಅಕ್ಷರದಲ್ಲಿ ಬರೆಯಬೇಕಾಯಿತು ಎಂದರೆ!

ಮೇ 2ರಂದು ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ದ ಚಂದ್ರಿ ಎಂದರೆ ಥಟ್ಟನೆ ಮುಖ ಕಣ್ಣಮುಂದೆ ಬರುತ್ತದೆ. 1970ರ ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂದಾಗ ಕರ್ನಾಟಕವೆಲ್ಲ ಹೆಮ್ಮೆಪಟ್ಟಿತ್ತು. ಆರು ವರ್ಷ ಕಳೆಯುವುದರಲ್ಲಿ ಅದೇ ನಟಿಯನ್ನು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಒಂಟಿ ಕೋಣೆಗೆ ಹಾಕಿದರು. ಬರೋಡಾ ಡೈನಮೈಟ್ ಪ್ರಕರಣದಲ್ಲಿ ಕೈವಾಡವಿದೆಯೆಂಬುದು ಶಂಕೆ. ಆರೋಪಪಟ್ಟಿ ಸಿದ್ಧವಾದಾಗ ಅದರಲ್ಲಿ ಅವರ ಹೆಸರೇ ಇರಲಿಲ್ಲ! ಆದರೂ ಬಿಡಲಿಲ್ಲ, ಮೀಸಾ ಕಾಯಿದೆ ಇತ್ತಲ್ಲ. ಅವರಿಗೆ ಮೊದಲೇ ಅಸ್ತಮಾ, ಜೈಲಿನಲ್ಲಿ ಅದು ಉಲ್ಬಣಿಸಿತು. ಒಳಗೇ ದಿನಚರಿ ಬರೆದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಗೆ ಕಳಿಸಿದರು. 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು.

ಈ ಕಥೆಯಲ್ಲಿ ಖಳನಾಯಕ ಯಾರು, ನೀವೇ ಹೇಳಿ. ಲಂಚದ ಕವರು ಕೈ ಬದಲಿಸುವ ಅಗತ್ಯವೇ ಇರಲಿಲ್ಲ. ಮೇಲಿನಿಂದ ಹೇಳಿದರು ಎಂದು ಒಬ್ಬ ಕರೆತಂದ, ಒಬ್ಬ ಬೀಗ ಹಾಕಿದ, ಇನ್ನೊಬ್ಬ ರುಜು ಹಾಕಿದ. ಸಂಜೆ ಮನೆಗೆ ಹೋಗಿ ಮಕ್ಕಳ ಮಗ್ಗಿ ಕೇಳಿದವರೂ ಅವರಲ್ಲಿ ಇದ್ದಿರಬೇಕು. ಹಣ ತಿನ್ನುವ ಪೊಲೀಸನನ್ನು ನಾವು ಭ್ರಷ್ಟ ಎನ್ನುತ್ತೇವೆ. ಹೇಳಿದ್ದನ್ನೆಲ್ಲ ಮಾಡುವವನಿಗೆ ನಿಷ್ಠಾವಂತ ಎಂದು ಹೆಸರು! ಆ ಏಪ್ರಿಲ್ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ. ನಲವತ್ತೊಂದು ವರ್ಷ ಬೇಕಾಯಿತು.

ಇನ್ನು ನಮ್ಮ ರಾಜ್ಯ. 1977ರ ಮಾರ್ಚ್‌ನಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸ್ಥಾನ ಗೆದ್ದಿತು. ದೇವರಾಜ ಅರಸರ ಭೂಸುಧಾರಣೆಯಿಂದ ಎಷ್ಟೋ ಗೇಣಿದಾರರಿಗೆ ಹೊಲ ಸಿಕ್ಕಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ಜೈಲಿನೊಳಗಿನ ಸುದ್ದಿ ಜನಕ್ಕೆ ತಲುಪಿರಲಿಲ್ಲ, ಅದೂ ನಿಜ. ಈಗ ಎಲ್ಲ ಗೊತ್ತಿದ್ದೂ ಎಮರ್ಜೆನ್ಸಿ ಬರಲಿ ಎನ್ನುವವರಿಗೆ ಯಾವ ನೆಪವಿದೆ? ಆ ಜೈಲು ಇಂದು ಫ್ರೀಡಂ ಪಾರ್ಕ್. ಮೆಜೆಸ್ಟಿಕ್ ಕಡೆ ಹೋದಾಗ ಒಮ್ಮೆ ಒಳಗೆ ಹೋಗಿ, ಉಳಿಸಿಕೊಂಡಿರುವ ಹಳೆಯ ಗೋಡೆಗಳ ಹತ್ತಿರ ನಿಂತು ಬನ್ನಿ.

“ಅದೆಲ್ಲ ರಾಜಕೀಯದವರ ವಿಷಯ, ನಮಗೇನು?” ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ನಮಗೇನೆಂದರೆ, ಠಾಣೆಯಲ್ಲಿ ನಮ್ಮನ್ನು ಕಾಯುವುದು ಬರೀ ಕಾಗದ. ಬಂಧಿಸಿದ ಹೊತ್ತು, ದಿನ, ಸಾಕ್ಷಿಯ ರುಜು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದಲ್ಲಿದೆ. ಬಂಧಿಸಿದರೆ ಮನೆಯವರಿಗೆ ತಿಳಿಸಬೇಕೆಂದು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಟ್ಟಪ್ಪಣೆ ಮಾಡಿತು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಪರೂಪದ ಸಂದರ್ಭ ಬಿಟ್ಟರೆ, ಹೆಂಗಸರನ್ನು ಬಂಧಿಸುವಂತಿಲ್ಲ. ಆ ಅಪರೂಪಕ್ಕೂ ಮಹಿಳಾ ಅಧಿಕಾರಿಯೇ ಬರಬೇಕು, ಮ್ಯಾಜಿಸ್ಟ್ರೇಟರ ಅನುಮತಿ ಇರಬೇಕು. ಪೂರ್ತಿ ಅಧಿಕಾರ ಕೊಡಿ ಎನ್ನುವವರು ಕಿತ್ತೆಸೆಯಿರಿ ಎನ್ನುತ್ತಿರುವುದು ಇವನ್ನೇ.

ನಮ್ಮ ರಸ್ತೆಯ ಹಿರಿಯಾಕೆಯೊಬ್ಬರು ಬೆಳಿಗ್ಗೆ ರಂಗೋಲಿ ಹಾಕುವಾಗ ಬೈಕಿನಲ್ಲಿ ಬಂದ ಹುಡುಗರು ಎರಡೆಳೆ ಸರ ಕಿತ್ತುಕೊಂಡು ಹೋದರು. ಠಾಣೆಯಲ್ಲಿ “ಸರ ಕಳೆದುಹೋಗಿದೆ ಅಂತ ಬರೆದುಕೊಡಿ ಅಜ್ಜಿ, ಸುಲಭವಾಗುತ್ತೆ” ಎಂದರಂತೆ. ಯಾರಿಗೆ ಸುಲಭ? ಕಳೆದುಹೋದದ್ದಕ್ಕೆ ಕಳ್ಳನಿಲ್ಲ, ಕಳ್ಳನಿಲ್ಲದಿದ್ದರೆ ಅಪರಾಧದ ಲೆಕ್ಕಕ್ಕೆ ಬರುವುದಿಲ್ಲ. ಮರುದಿನ ಅವರ ಸೊಸೆ, ನಾನು ಇಬ್ಬರೂ ಜೊತೆಗೆ ಹೋದೆವು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮನ್ನು ನಾನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ: ದೂರು ದಾಖಲಿಸಬೇಕು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಸಾಹೇಬರು ರೌಂಡ್ಸಿಗೆ ಹೋಗಿದ್ದಾರೆ ಎಂದರು, ಬೆಂಚಿನ ಮೇಲೆ ಕೂತೆವು. ಊಟಕ್ಕೆ ಹೋಗಿದ್ದಾರೆ ಎಂದರು, ಕೂತೆವು. ಮೂರೂವರೆಗೆ ಪ್ರತಿ ಕೈಗೆ ಬಂತು, ಅದರಲ್ಲಿ ‘ಕಿತ್ತುಕೊಂಡು ಹೋದರು’ ಎಂದೇ ಇತ್ತು. ಸರ ಇನ್ನೂ ಸಿಕ್ಕಿಲ್ಲ. ಅಜ್ಜಿ ಆ ಕಾಗದವನ್ನು ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಟ್ಟಿದ್ದಾರೆ.