ಅಲೆಯ ಸಿಟ್ಟು ಮುರಿದ ಕಂಬಗಳು

ಚೀನಾಕ್ಕೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಕೇಳುವುದು, "ಮಹಾಗೋಡೆ ನೋಡಿದಿರಾ?" ಎಂದು. ನೋಡಲಿಲ್ಲ. ಅದು ಇರುವುದು ಉತ್ತರದಲ್ಲಿ, ಬೀಜಿಂಗ್ ಕಡೆ. ನಮ್ಮಂಥ ಜವಳಿ ವ್ಯಾಪಾರದವರ ಚೀನಾ ಬೇರೆ. ಶಾಂಘೈಯಿಂದ ದಕ್ಷಿಣಕ್ಕೆ, ಝೆಜಿಯಾಂಗ್ ಪ್ರಾಂತ್ಯದ ಕೆಚಿಯಾವೋ ಎಂಬ ಬಟ್ಟೆಪೇಟೆಗೆ ಬಂದರೆ ನಮ್ಮ ಚೀನಾ ಅಲ್ಲಿಗೆ ಮುಗಿಯಿತು. ಅಲ್ಲಿ ಹಿಂದಿಯಲ್ಲಿ ಚೌಕಾಸಿ ಮಾಡುವ ಅಂಗಡಿಯವರಿದ್ದಾರೆ, ದಾಲ್ ಚಾವಲ್ ಹಾಕುವ ಹೋಟೆಲುಗಳಿವೆ. ಆದರೆ ಈ ಸಲ ಸಿಕ್ಕ ಒಂದು ಬಿಡುವಿನ ದಿನದಲ್ಲಿ ನಾನೂ ಒಂದು ಗೋಡೆ ನೋಡಿ ಬಂದೆ. ಅದು ಶತ್ರು ಸೈನ್ಯವನ್ನು ತಡೆಯಲು ಕಟ್ಟಿದ್ದಲ್ಲ, ಸಮುದ್ರವನ್ನು ತಡೆಯಲು ಕಟ್ಟಿದ್ದು. ಈ ತಿಂಗಳ ಅಂಕಣ ಅದರ ಬಗ್ಗೆ.

ನಾವು ಮಾಲು ತೆಗೆಯುವ ಅಂಗಡಿಯಲ್ಲಿ ಲೆಕ್ಕ ನೋಡುವ ಹುಡುಗಿಯ ತಾಯಿಯ ಊರು ನದಿಯ ಆಚೆ ದಡದ ಹೈನಿಂಗ್. "ಭಾಯ್‌ಸಾಬ್, ಹುಣ್ಣಿಮೆ ಕಳೆದು ಮೂರನೇ ದಿನ. ಇವತ್ತು ನೀರು ಜೋರಾಗಿ ಬರುತ್ತದೆ, ನೋಡಲೇಬೇಕು" ಎಂದು ಅವಳೇ ಹೊರಡಿಸಿದಳು. ಜಿಯಾಶಾವೋ ಸೇತುವೆ ಎಂಬ ಸುಮಾರು ಹತ್ತು ಕಿಲೋಮೀಟರ್ ಉದ್ದದ ಸೇತುವೆ ದಾಟಿ, ಹೈನಿಂಗಿಗೆ ಸೇರಿದ ಯಾನ್‌ಗುವಾನ್ ಎಂಬ ಹಳೆಯ ಊರಿಗೆ ಹೋದೆವು. ಯಾನ್‌ಗುವಾನ್ ಎಂದರೆ ಉಪ್ಪಿನ ಅಧಿಕಾರಿ ಎಂದರ್ಥ. ಎರಡು ಸಾವಿರ ವರ್ಷಗಳ ಹಿಂದೆ, ಹಾನ್ ಅರಸರ ಕಾಲದಲ್ಲಿ, ಉಪ್ಪಿನ ಸುಂಕದ ಅಧಿಕಾರಿ ಕೂತಿದ್ದ ಜಾಗ ಅದು.

ಅಲ್ಲಿ ಹರಿಯುವುದು ಚಿಯಾನ್‌ಟಾಂಗ್ ನದಿ. ಅದು ಕೂಡುವ ಹ್ಯಾಂಗ್‌ಝೌ ಕೊಲ್ಲಿಯ ಆಕಾರವೇ ಎಲ್ಲ ತೊಂದರೆಗೂ ಮೂಲ. ಎಣ್ಣೆ ಸುರಿಯುವ ಲಾಳಿಕೆಯನ್ನು ನೆನಪಿಸಿಕೊಳ್ಳಿ. ಸಮುದ್ರದ ಕಡೆ ಕೊಲ್ಲಿಯ ಬಾಯಿ ಸುಮಾರು 100 ಕಿಲೋಮೀಟರ್ ಅಗಲ. ಯಾನ್‌ಗುವಾನ್ ಹತ್ತಿರ ಬರುವಷ್ಟರಲ್ಲಿ ಅದು ಮೂರು ಕಿಲೋಮೀಟರ್ ಆಸುಪಾಸಿಗೆ ಇಳಿದಿರುತ್ತದೆ. ತಳದಲ್ಲಿ ಮರಳಿನ ದೊಡ್ಡ ದಿಬ್ಬ ಬೇರೆ. ಉಬ್ಬರದ ನೀರು ಅಷ್ಟಗಲದಿಂದ ಒಳನುಗ್ಗಿ, ಇಕ್ಕಟ್ಟಿಗೆ ಸಿಕ್ಕಿ, ದಿಬ್ಬ ಹತ್ತಿ, ಬೇರೆ ದಾರಿಯಿಲ್ಲದೆ ಎದ್ದು ನಿಲ್ಲುತ್ತದೆ. ನದಿ ಸಮುದ್ರಕ್ಕೆ ಹರಿಯುವುದನ್ನು ನಾವು ನೋಡಿದ್ದೇವೆ. ಇಲ್ಲಿ ಸಮುದ್ರ ಗೋಡೆಯಂತೆ ಎದ್ದು ನದಿಯ ಮೇಲಕ್ಕೆ ಓಡಿ ಬರುತ್ತದೆ. ದಿನಕ್ಕೆ ಎರಡು ಸಲ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ನಂತರದ ದಿನಗಳಲ್ಲಿ ಅದರ ಆರ್ಭಟ ಹೆಚ್ಚು. ಅವರ ಎಂಟನೇ ತಿಂಗಳ 18ನೇ ದಿನ, ಅಂದರೆ ಸಾಮಾನ್ಯವಾಗಿ ನಮ್ಮ ಭಾದ್ರಪದ ಹುಣ್ಣಿಮೆ ಕಳೆದ ಮೂರನೇ ದಿನ, ನೋಡಲು ಜಾತ್ರೆಯೇ ಸೇರುತ್ತದೆ. ನಾವು ಹೋದದ್ದು ಅದರ ಮರುತಿಂಗಳು. ಹಾಗಾಗಿ ಗೋಡೆಯ ಮೇಲೆ ನಿಲ್ಲಲು ಜಾಗವಿತ್ತು.

ನೀರು ಬರುವ ಹೊತ್ತನ್ನು ಬೋರ್ಡಿನಲ್ಲಿ ನಿಮಿಷ ಸಮೇತ ಬರೆದಿದ್ದರು. ಇದು ಹೊಸ ಪದ್ಧತಿಯಲ್ಲ. 1056ರಲ್ಲೇ ಈ ನದಿಯ ಉಬ್ಬರದ ವೇಳಾಪಟ್ಟಿ ಮಾಡಿದ್ದರು. ಕೈಯಲ್ಲಿ ಧ್ವನಿವರ್ಧಕ ಹಿಡಿದ ಒಬ್ಬ ಹಿರಿಯರು ಆ ತುದಿಯಿಂದ ಈ ತುದಿಗೆ ಓಡಾಡುತ್ತಾ ಕೂಗುತ್ತಿದ್ದರು. ಉಬ್ಬರದ ಮುನ್ನ ಹೀಗೆ ಕೂಗಿ ಜನರನ್ನು ಮೇಲೆ ಹತ್ತಿಸುವುದೇ ಅಲ್ಲಿ ಕೆಲವರ ಕೆಲಸ. ಇಳಿತದಲ್ಲಿ ನದಿ ಕೆಸರು ಬಣ್ಣದ ಕೆರೆಯಂತೆ ಸುಮ್ಮನಿರುತ್ತದೆ. ಕಾಲು ತೊಳೆಯೋಣ ಎಂದು ಇಳಿದವರನ್ನು ಅಲೆ ಎಳೆದೊಯ್ದ ಪ್ರಸಂಗಗಳು ಈ ಕಾಲದಲ್ಲೂ ಇವೆ.

ನೀರು ಬರುವ ಮುಂಚೆ ನಾನು ಗೋಡೆ ನೋಡಿದೆ. ಮೇಲಿನಿಂದ ನೋಡಿದರೆ ಏನೂ ಅಲ್ಲ, ಉದ್ದಕ್ಕೂ ಕಲ್ಲು ಹಾಸಿದ ದಾರಿ. ಅಂಚಿನಲ್ಲಿ ಬಗ್ಗಿ ನೋಡಬೇಕು. ಮಂಚದಷ್ಟು ಉದ್ದದ ಚಪ್ಪಡಿಗಳನ್ನು ಅಡ್ಡ ಒಂದು, ಉದ್ದ ಒಂದು ಇಟ್ಟು, ಪ್ರತಿ ಸಾಲನ್ನೂ ಕೆಳಗಿನದಕ್ಕಿಂತ ಸ್ವಲ್ಪ ಒಳಕ್ಕೆ ಸರಿಸಿ, ಹದಿನೆಂಟು ಸಾಲು ಏರಿಸಿದ್ದಾರೆ. ದೂರದಿಂದ ಮೀನಿನ ಹುರುಪೆಯಂತೆ ಕಾಣುವುದರಿಂದ ಅದರ ಹೆಸರೇ ಮೀನುಹುರುಪೆ ಗೋಡೆ. ಹೀಗೆ ಕಲ್ಲುಗಳನ್ನು ಅಡ್ಡ ಉದ್ದ ಹೆಣೆಯುವ ಕ್ರಮವನ್ನು ಹುವಾಂಗ್ ಗುವಾಂಗ್‌ಶೆಂಗ್ ಎಂಬ ಅಧಿಕಾರಿ 1542ರಲ್ಲಿ ಪಕ್ಕದ ಹೈಯಾನ್‌ನಲ್ಲಿ ರೂಢಿಗೆ ತಂದ. ಹೈನಿಂಗಿನಲ್ಲಿ ಈಗ ಕಾಣುವುದರಲ್ಲಿ ಹೆಚ್ಚಿನದು 18ನೇ ಶತಮಾನದ ಕೆಲಸ. ಕಲ್ಲಿಗೆ ಕಲ್ಲು ಬೆಸೆಯಲು ಕಬ್ಬಿಣದ ಕೊಂಡಿ, ಸಂದಿಗೆ ಸುಣ್ಣದಲ್ಲಿ ಅಂಟಕ್ಕಿಯ ಗಂಜಿ ಕಲಸಿದ ಗಾರೆ. ನಮ್ಮ ಹಿರಿಯರು ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಿದ್ದರಲ್ಲ, ಆ ಜಾತಿಯ ಜಾಣತನವೇ.

ಅಲ್ಲಿ ನನಗೆ ಹಿಡಿಸಿದ ಇನ್ನೊಂದು ವಿಷಯ ಲೆಕ್ಕದ್ದು. ಗೋಡೆಯನ್ನು ಇಪ್ಪತ್ತು ಚೀನೀ ಮಾರಿನ, ಅಂದರೆ ಅರುವತ್ತು ಮೀಟರಿಗೆ ತುಸು ಹೆಚ್ಚಿನ, ತುಂಡುಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ಅಕ್ಷರದ ಹೆಸರು ಕೊಟ್ಟಿದ್ದರು. ಆ ಅಕ್ಷರಗಳನ್ನು ತೆಗೆದದ್ದು ಚೀನಾದ ಮಕ್ಕಳು ಬಾಯಿಪಾಠ ಮಾಡುತ್ತಿದ್ದ, ಒಂದು ಅಕ್ಷರವೂ ಎರಡು ಸಲ ಬಾರದ 'ಸಾವಿರ ಅಕ್ಷರ'ದ ಪಾಠದಿಂದ. ಯಾವ ತುಂಡಿನ ಕಲ್ಲು ಸಡಿಲವಾಯಿತು ಎಂದು ಒಂದೇ ಅಕ್ಷರದಲ್ಲಿ ಬರೆದು ಕಳಿಸಬಹುದಿತ್ತು. ಗೋದಾಮಿನಲ್ಲಿ ಥಾನುಗಳಿಗೆ ನಂಬರು ಹಾಕುವ ನನಗೆ ಇದರ ಬೆಲೆ ಗೊತ್ತು. ನಂಬರು ಇಲ್ಲದ ಮಾಲಿಗೆ ಯಾರೂ ಜವಾಬ್ದಾರರಲ್ಲ.

ಇಷ್ಟೆಲ್ಲ ಯಾಕೆ ಮಾಡಿದರು? ಗೋಡೆಯ ಹಿಂದೆ ತಿರುಗಿ ನೋಡಿದರೆ ತಿಳಿಯುತ್ತದೆ. ಕಣ್ಣು ಹರಿಯುವಷ್ಟು ದೂರ ಸಮತಟ್ಟು ನೆಲ. ಭತ್ತ ಮತ್ತು ರೇಷ್ಮೆಯ ನಾಡು ಅದು. ದೊಡ್ಡ ಉಬ್ಬರದ ನೀರಿನ ಮಟ್ಟಕ್ಕಿಂತ ಗದ್ದೆ ತಗ್ಗಿನಲ್ಲಿದೆ. ಒಮ್ಮೆ ಉಪ್ಪುನೀರು ನುಗ್ಗಿದರೆ ಆ ವರ್ಷದ ಬೆಳೆಯಷ್ಟೇ ಅಲ್ಲ, ಮಣ್ಣೇ ಕೆಡುತ್ತದೆ. ಇಡೀ ಸಾಮ್ರಾಜ್ಯದ ಕಂದಾಯದ ಅಕ್ಕಿಯಲ್ಲಿ ದೊಡ್ಡ ಪಾಲು ಈ ಸೀಮೆಯದು. ಅದಕ್ಕೇ ಚಿಯಾನ್‌ಲಾಂಗ್ ಚಕ್ರವರ್ತಿ ಬೀಜಿಂಗಿನಿಂದ ನಾಲ್ಕು ಸಲ, 1762, 1765, 1780 ಮತ್ತು 1784ರಲ್ಲಿ, ಹೈನಿಂಗಿಗೇ ಬಂದು ಗೋಡೆ ನೋಡಿ ಹೋದ.

ಆದರೆ ಈ ನದಿಯ ಮುಂದೆ ಬರಿಯ ಕಲ್ಲಿನ ಆಟ ನಡೆಯುವುದಿಲ್ಲ ಎಂಬುದು ಅವನಿಗಿಂತ ಎಂಟುನೂರು ವರ್ಷ ಮೊದಲೇ ಗೊತ್ತಾಗಿತ್ತು. 910ರಲ್ಲಿ ಹ್ಯಾಂಗ್‌ಝೌವನ್ನು ಆಳುತ್ತಿದ್ದ ಚಿಯಾನ್ ಲಿಯು ಎಂಬ ಅರಸ ಗೋಡೆ ಕಟ್ಟಲು ಹೊರಟ. ಕಟ್ಟಿದಷ್ಟೂ ಅಲೆ ಕೊಚ್ಚಿಕೊಂಡು ಹೋಗುತ್ತಿತ್ತು. ಬಿಲ್ಲುಗಾರರನ್ನು ಸಾಲಾಗಿ ನಿಲ್ಲಿಸಿ ಅಲೆಯ ಮೇಲೆ ಬಾಣ ಬಿಡಿಸಿದನಂತೆ. ಅದು ಕಥೆ. ನಿಜವಾಗಿ ಅವನು ಮಾಡಿದ್ದು, ಉದ್ದನೆಯ ಬಿದಿರಿನ ಬುಟ್ಟಿಗಳಲ್ಲಿ ಕಲ್ಲು ತುಂಬಿ ಪೇರಿಸಿದ್ದು, ಅದರ ಮುಂದೆ ನೀರಿನಲ್ಲಿ ದಪ್ಪ ದಪ್ಪ ಮರದ ಕಂಬಗಳನ್ನು ಹತ್ತಕ್ಕೂ ಹೆಚ್ಚು ಸಾಲು ನೆಟ್ಟದ್ದು. ಅಲೆ ಮೊದಲು ಕಂಬಗಳ ಕಾಡಿಗೆ ನುಗ್ಗುತ್ತಿತ್ತು, ಸೀಳಿಹೋಗುತ್ತಿತ್ತು, ಗೋಡೆಗೆ ತಲುಪುವಾಗ ಅದರ ಸಿಟ್ಟು ಅರ್ಧ ಇಳಿದಿರುತ್ತಿತ್ತು.

ಮುಂದಿನದನ್ನು ಹೇಳಿದವನು ಹ್ಯಾಂಗ್‌ಝೌದವನೇ ಆದ ಶೆನ್ ಕುವೊ. 11ನೇ ಶತಮಾನದ ದೊಡ್ಡ ವಿಜ್ಞಾನಿ, ದಿಕ್ಸೂಚಿಯ ಸೂಜಿ ನೇರ ದಕ್ಷಿಣಕ್ಕೆ ತೋರುವುದಿಲ್ಲ, ತುಸು ವಾಲುತ್ತದೆ ಎಂದು ಬರೆದಿಟ್ಟವನು. ಅವನ ಪುಸ್ತಕದಲ್ಲಿ ಈ ಪ್ರಸಂಗವಿದೆ. 1040ರ ಆಸುಪಾಸಿನಲ್ಲಿ ಯಾರೋ ಒಬ್ಬ ಅಧಿಕಾರಿಗಳಿಗೆ ಸಲಹೆ ಕೊಟ್ಟ: ನೀರಿನಲ್ಲಿ ಸುಮ್ಮನೆ ನಿಂತಿರುವ ಆ ಕಂಬಗಳನ್ನು ಕಿತ್ತರೆ ಒಳ್ಳೆಯ ಮರಮುಟ್ಟು ಲಕ್ಷಗಟ್ಟಲೆ ಸಿಗುತ್ತದೆ. ಅಲ್ಲಿನ ದಂಡನಾಯಕನಿಗೆ ಸರಿ ಎನಿಸಿತು. ಕಿತ್ತರು. ಮೇಲೆ ತೆಗೆದು ನೋಡಿದರೆ ಎಲ್ಲವೂ ಕೊಳೆತ ಮರ, ಒಲೆಗೂ ಬಾರದ್ದು. ಅತ್ತ ಕಂಬಗಳಿಲ್ಲದ ಕಲ್ಲುಗೋಡೆಗೆ ಅಲೆ ನೇರವಾಗಿ ಬಡಿಯತೊಡಗಿತು. ವರ್ಷ ವರ್ಷವೂ ಗೋಡೆ ಒಡೆಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೋಡೆಯನ್ನು ಕೆಲವು ಮೈಲು ಹಿಂದಕ್ಕೆ ಸರಿಸಿ, ಅರ್ಧಚಂದ್ರಾಕಾರದಲ್ಲಿ ಕಟ್ಟಿದರೆ ಅಲೆಯ ಹೊಡೆತ ತಪ್ಪುತ್ತದೆ ಎಂದು ಆಮೇಲೆ ಇನ್ನೊಂದು ಸಲಹೆ ಬಂತು. ನೀರಿನ ಕೆಲಸದ ಆಳುಗಳೆಲ್ಲ ಒಪ್ಪಿದರು. ಒಬ್ಬ ಮುದುಕ ಮಾತ್ರ ಒಪ್ಪಲಿಲ್ಲ. ಅವನು ತನ್ನವರನ್ನು ಗುಟ್ಟಾಗಿ ಕೇಳಿದ್ದು ಇಷ್ಟೇ: ಗೋಡೆ ಸರಿಸಿದರೆ ವರ್ಷವೂ ಒಡೆಯುವುದು ನಿಲ್ಲುತ್ತದೆ, ಆಮೇಲೆ ನಿಮ್ಮ ಹೊಟ್ಟೆಪಾಡೇನು? ಎಲ್ಲರೂ ಮಾತು ಬದಲಿಸಿದರು. ಮೇಲಧಿಕಾರಿಗೆ ಈ ಹಿಕಮತ್ತು ತಿಳಿಯಲಿಲ್ಲ. ಅಪಾರ ಹಣ ಸುರಿದದ್ದೇ ಬಂತು, ಗೋಡೆ ಎಂದಿನಂತೆ ಒಡೆಯುತ್ತಲೇ ಹೋಯಿತು. ಕೊನೆಗೆ ಅರ್ಧಚಂದ್ರದ ಗೋಡೆ ಬಂದು ಹಾನಿ ತುಸು ಕಡಿಮೆಯಾಯಿತು, ಆದರೂ ಕಂಬಗಳಷ್ಟು ಫಲ ಕೊಡಲಿಲ್ಲ. ಕಂಬಗಳನ್ನು ಮತ್ತೆ ನೆಡುವಷ್ಟು ದುಡ್ಡೂ ಇರಲಿಲ್ಲ ಎನ್ನುತ್ತಾನೆ ಶೆನ್ ಕುವೊ. ಕಿತ್ತು ಮಾರಲು ಹೊರಟದ್ದು ಲಾಭಕ್ಕೆ. ಮರಳಿ ನೆಡಲು ಬೊಕ್ಕಸ ಸಾಲಲಿಲ್ಲ.

ಈ ಮುದುಕನಿಗೆ ಎದುರಾಗಿ ಇನ್ನೊಬ್ಬ ಮುದುಕನ ಕಥೆಯನ್ನೂ ಅಲ್ಲಿ ಹೇಳುತ್ತಾರೆ. ಚಿಯಾನ್‌ಲಾಂಗನ ಕಾಲದಲ್ಲಿ ಹೈನಿಂಗಿನ ಮರಳಿನಲ್ಲಿ ಅಡಿಪಾಯದ ಗೂಟ ನಿಲ್ಲುತ್ತಲೇ ಇರಲಿಲ್ಲ. ಒಂದು ಹೊಡೆದರೆ ಪಕ್ಕದ್ದು ಮೇಲೇಳುತ್ತಿತ್ತು. ಆಗ ಊರಿನ ಒಬ್ಬ ಮುದುಕ ಬಂದು, ಮೊದಲು ಉದ್ದನೆಯ ಬಿದಿರು ಇಳಿಸಿ ಮರಳನ್ನು ಸಡಿಲಿಸಿ, ಆಮೇಲೆ ಐದೈದು ಗೂಟಗಳನ್ನು ಹೂವಿನ ಎಸಳಿನಂತೆ ಜೋಡಿಸಿ ಒಟ್ಟಿಗೇ ಹೊಡೆಯಿರಿ ಎಂದನಂತೆ. ಗೂಟ ಕಚ್ಚಿಕೊಂಡಿತು. ಗೋಡೆ ನಿಂತಿತು. ಚಕ್ರವರ್ತಿಯೂ ಅಷ್ಟು ಹೊತ್ತಿಗೆ ಪಾಠ ಕಲಿತಿದ್ದ. ಹೊಸ ಕಲ್ಲುಗೋಡೆ ಬಂತೆಂದು ಅದರ ಮುಂದಿದ್ದ ಸೌದೆಕಟ್ಟು ಮತ್ತು ಮಣ್ಣಿನ ಹಳೆಯ ಒಡ್ಡನ್ನು ಕೀಳಬೇಡಿ, ಅದನ್ನೂ ದುರಸ್ತಿ ಮಾಡಿ ಇಟ್ಟುಕೊಳ್ಳಿ, ಮೊದಲ ಪೆಟ್ಟು ಅದಕ್ಕೆ ಬೀಳಲಿ ಎಂದು ಅಪ್ಪಣೆ ಮಾಡಿದ.

ಒಂದೂವರೆ ಗಂಟೆಯ ಹೊತ್ತಿಗೆ ಪೂರ್ವದಲ್ಲಿ ಒಂದು ಬಿಳಿ ಗೆರೆ ಕಂಡಿತು. ನದಿಯ ಅಗಲಕ್ಕೂ ಚಾಚಿದ ನೇರವಾದ ಗೆರೆ. ಮೊದಲು ದೂರದಲ್ಲಿ ಲಾರಿ ಬಂದಂತೆ ಸದ್ದು, ಆಮೇಲೆ ಎದೆಯೊಳಗೇ ಗುಡುಗಿದಂತೆ. ಆಳೆತ್ತರಕ್ಕೂ ಮಿಕ್ಕಿದ ನೀರು ನಮ್ಮ ಕಾಲ ಕೆಳಗೆ ಓಡಿಹೋಯಿತು. ಅದರ ಹಿಂದೆಯೇ ನದಿಯ ಮಟ್ಟ ಕಣ್ಣೆದುರಿಗೇ ಏರಿತು, ಒಂದೊಂದೇ ಸಾಲು ಕಲ್ಲು ಮುಳುಗುತ್ತಾ ಬಂತು. ಜನ ಚಪ್ಪಾಳೆ ತಟ್ಟಿದರು, ಫೋನು ಜೇಬಿಗಿಟ್ಟು ಹೊರಟರು. "ನಮ್ಮಜ್ಜಿ ಒಂದು ದಿನವೂ ಇದನ್ನು ನೋಡಲು ಬಂದವಳಲ್ಲ" ಎಂದಳು ಹುಡುಗಿ. "ನೀರಿನ ಸದ್ದು ಕೇಳಿದರೆ ಮನೆಯೊಳಗೆ ದೀಪ ಹಚ್ಚುತ್ತಿದ್ದಳು. ಅವಳ ಅಮ್ಮನ ಕಾಲದಲ್ಲಿ ಗದ್ದೆಗೆ ಉಪ್ಪು ಬಂದಿತ್ತಂತೆ." ನಮಗೆ ತಮಾಷೆಯಾಗಿ ಕಂಡದ್ದು ಗೋಡೆಯ ಹಿಂದೆ ಬದುಕಿದವರಿಗೆ ತಮಾಷೆಯಲ್ಲ.

ಮುಂಬಯಿಯಲ್ಲಿರುವ ನಮಗೆ ಇದು ದೂರದ ಮಾತೇನೂ ಅಲ್ಲ. ಮರೀನ್ ಡ್ರೈವಿನ ಕಟ್ಟೆಯ ಮುಂದೆ ಬಿದ್ದಿರುವ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್‌ಗಳು ನೋಡಲು ಚಂದವಿಲ್ಲ. ಅವು ಮಾಡುವುದೂ ಚಿಯಾನ್ ಲಿಯುವಿನ ಕಂಬಗಳ ಕೆಲಸವನ್ನೇ. ಕರಾವಳಿ ರಸ್ತೆಯ ಕಾಮಗಾರಿಗೆ ಅವನ್ನು ಕೆಲವು ಕಡೆ ಸರಿಸಿದ್ದಾಗ, 2022ರ ಮಳೆಗಾಲದ ದೊಡ್ಡ ಉಬ್ಬರಗಳಲ್ಲಿ ತಮ್ಮ ಕಟ್ಟಡಗಳು ಅದುರುತ್ತಿವೆ ಎಂದು ಅಲ್ಲಿನ ನಿವಾಸಿಗಳು ದೂರಿದ್ದು ನಿಮಗೆ ನೆನಪಿರಬಹುದು. ಊರಿನ ಕಡೆ ಬಂದರೆ, ಉಳ್ಳಾಲ, ಉಚ್ಚಿಲ, ಮರವಂತೆಗಳ ಕಡಲ್ಕೊರೆತ ನಮ್ಮಲ್ಲಿ ಅನೇಕರಿಗೆ ಮನೆಯ ಸುದ್ದಿ. ಮಳೆಗಾಲ ಬಂತೆಂದರೆ ಲಾರಿಗಳಲ್ಲಿ ಬಂಡೆ ಬರುತ್ತದೆ, ಕಡಲಿಗೆ ಬೀಳುತ್ತದೆ. ಮರುವರ್ಷ ಮತ್ತೆ ಬರುತ್ತದೆ. ಶೆನ್ ಕುವೊ ಬರೆದ ಮುದುಕನ ಪ್ರಶ್ನೆಯನ್ನು ಇಲ್ಲಿ ಯಾರಾದರೂ ಗುಟ್ಟಾಗಿ ಕೇಳುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಊರಿಗೆ ಹೋದಾಗ ನಾವು ಕೇಳಬಹುದಾದ ಪ್ರಶ್ನೆಗಳು ಕೆಲವಿವೆ. ಈ ಬಂಡೆಗಳಿಗೆ ಲೆಕ್ಕ ಇದೆಯೇ? ಹೋದ ವರ್ಷ ಹಾಕಿದ್ದು ಎಲ್ಲಿ ಹೋಯಿತು ಎಂದು ಬರೆದಿಟ್ಟಿದ್ದಾರೆಯೇ? ಈ ಕಡಲಿನ ಗುಣ ಬಲ್ಲ ಹಳೆಯ ಮೊಗವೀರರನ್ನು ಯಾರಾದರೂ ಒಂದು ಮಾತು ಕೇಳಿದ್ದಾರೆಯೇ? ಮುಂದಿನ ರಜೆಯಲ್ಲಿ ಕಡಲ ಬದಿಗೆ ಹೋದವರು ಇದನ್ನು ವಿಚಾರಿಸಿ ಬನ್ನಿ. ಉತ್ತರ ಸಿಕ್ಕರೆ ಈ ಅಂಕಣಕ್ಕೂ ಬರೆಯಿರಿ.