ಜಾಗ ಬದಲಾದರೆ ನೋವು ನಿಲ್ಲುತ್ತಾ?

ಎರಡು ವರ್ಷದ ಹಿಂದೆ ಅಕ್ಕನಿಗೆ ರಾತ್ರಿ ಹನ್ನೊಂದಕ್ಕೆ ನೋವು ಶುರುವಾಯ್ತು. ಐದು ನಿಮಿಷಕ್ಕೊಂದು ಸಲ ಬರ್ತಿತ್ತು. ಗಡಿಬಿಡಿಯಲ್ಲಿ ಕ್ಯಾಬ್ ಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಟ್ಯೂಬ್‌ಲೈಟ್ ಬೆಳಕು, ಗುರುತಿಲ್ಲದ ಮುಖಗಳು, ಪಕ್ಕದ ಬೆಡ್‌ನಿಂದ ಯಾರದೋ ಕೂಗು. ಅರ್ಧ ಗಂಟೆಯಲ್ಲಿ ನೋವು ನಿಂತೇ ಹೋಯ್ತು. "ಸುಮ್ನೆ ಹೆದರ್ಕೊಂಡಿದ್ದೀರ ಅಷ್ಟೇ" ಅಂದ್ರು ನರ್ಸ್. ಅಕ್ಕ ತಪ್ಪು ಮಾಡಿದವಳ ಹಾಗೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮ ಮಾತ್ರ, "ಜಾಗ ಬದಲಾದ್ರೆ ಹಾಗೇ ಆಗುತ್ತೆ ಕಣೇ" ಅಂದಳು.

ಅಮ್ಮನ ಮಾತು ತಲೆಯಲ್ಲೇ ಉಳಿದಿತ್ತು. ಆಮೇಲೆ ಓದುತ್ತಾ ಹೋದಾಗ ಉತ್ತರ ಸಿಕ್ಕಿದ್ದು ಇಲಿಗಳಲ್ಲಿ. ನಗಬೇಡಿ, ಪೂರ್ತಿ ಓದಿ.

ಲ್ಯಾಬ್‌ನ ಇಲಿ ಗರ್ಭ ಹೊರುವುದು ಸುಮಾರು 22 ದಿನ. ಅಷ್ಟೂ ದಿನ ಅಂಡಾಶಯದಿಂದ ಬರುವ ಪ್ರೊಜೆಸ್ಟರೋನ್ ಗರ್ಭಕೋಶವನ್ನು ಸುಮ್ಮನಿರಿಸುತ್ತದೆ. ಕೊನೆಯಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಬಂದು ಆ ಪೂರೈಕೆಯನ್ನು ನಿಲ್ಲಿಸುತ್ತದೆ. ಪ್ರೊಜೆಸ್ಟರೋನ್ ಇಳಿದು ಈಸ್ಟ್ರೋಜೆನ್ ಏರುತ್ತದೆ. ಆಕ್ಸಿಟೋಸಿನ್ ಹಿಡಿದುಕೊಳ್ಳುವ ಗ್ರಾಹಕಗಳು ಗರ್ಭಕೋಶದ ಸ್ನಾಯುವಿನಲ್ಲಿ ಒಂದೇ ಸಮನೆ ಹೆಚ್ಚುತ್ತವೆ. ಹಿಂದಿನ ವಾರ ಏನೂ ಮಾಡದಿದ್ದ ಅದೇ ಪ್ರಮಾಣದ ಆಕ್ಸಿಟೋಸಿನ್ ಈಗ ಗರ್ಭಕೋಶವನ್ನು ಜೋರಾಗಿ ಹಿಂಡಬಲ್ಲದು. ಅಂದರೆ ಯಾವ ದಿನ ಅನ್ನೋದನ್ನು ಹೆಚ್ಚುಕಡಿಮೆ ಹಾರ್ಮೋನುಗಳೇ ಗೊತ್ತು ಮಾಡುತ್ತವೆ.

ಆದರೆ ಆ ದಿನದಲ್ಲಿ ಎಷ್ಟು ಹೊತ್ತಿಗೆ? ಅಲ್ಲಿ ಮಿದುಳು ಬಾಯಿ ಹಾಕುತ್ತೆ. ಇಲಿ ರಾತ್ರಿ ಓಡಾಡುವ ಪ್ರಾಣಿ, ಹಗಲು ಗೂಡಲ್ಲಿ ಮಲಗಿರುತ್ತೆ. ಹೆಚ್ಚಿನ ಇಲಿಗಳು ಮರಿ ಹಾಕುವುದೂ ಹಗಲಲ್ಲೇ. ಗರ್ಭದ ದಿನಗಳಲ್ಲಿ ಲ್ಯಾಬ್‌ನ ಲೈಟ್ ಹಾಕುವ, ಆರಿಸುವ ಸಮಯ ಬದಲಾಯಿಸಿದರೆ ಹೆರಿಗೆಯ ಹೊತ್ತೂ ಅದರ ಹಿಂದೆಯೇ ಸರಿಯುತ್ತದೆ. ಮಿದುಳಿನಲ್ಲಿ ದಿನದ ಗಡಿಯಾರದ ಕೆಲಸ ಮಾಡುವ ಪುಟ್ಟ ಜಾಗವನ್ನು ಹಾಳು ಮಾಡಿದರೆ ಮರಿಗಳು ಹೊತ್ತುಗೊತ್ತಿಲ್ಲದೆ ಹುಟ್ಟುತ್ತವೆ.

ಇನ್ನು ನರಗಳು. ಮರಿಯ ತಲೆ ಗರ್ಭಕಂಠವನ್ನು ಒತ್ತಿದಾಗ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಹೋಗುತ್ತೆ. ಮಿದುಳಿನಿಂದ ಆಕ್ಸಿಟೋಸಿನ್ ರಕ್ತಕ್ಕೆ ಬರುತ್ತೆ, ಗರ್ಭಕೋಶ ಹಿಂಡುತ್ತೆ, ತಲೆ ಇನ್ನಷ್ಟು ಒತ್ತುತ್ತೆ. 1941ರಲ್ಲಿ ಫರ್ಗುಸನ್ ಮೊಲಗಳಲ್ಲಿ ಇದನ್ನು ತೋರಿಸಿದ್ದರಿಂದ ಅವರ ಹೆಸರೇ ಇದಕ್ಕೆ ನಿಂತಿದೆ. ಇಲಿಯಲ್ಲಿ ಈ ಸುದ್ದಿ ಒಯ್ಯುವ ಸೊಂಟದ ನರವನ್ನು ಕತ್ತರಿಸಿದರೆ, ದಿನ ತುಂಬಿದ್ದರೂ ಹೆರಿಗೆ ಎಳೆದಾಡುತ್ತದೆ, ಮರಿಗಳು ದಾರಿಯಲ್ಲೇ ಸಿಕ್ಕಿಕೊಳ್ಳುತ್ತವೆ.

ಈಗ ಅಮ್ಮನ ಮಾತಿಗೆ ಬರೋಣ. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಗ್ಯಾರೆತ್ ಲೆಂಗ್, ಜಾನ್ ರಸೆಲ್ ಮತ್ತು ಅವರ ಜೊತೆಗಾರರು ಹೆರುತ್ತಿದ್ದ ಇಲಿಯನ್ನು ಮಧ್ಯದಲ್ಲೇ ಎತ್ತಿ ಗುರುತಿಲ್ಲದ ಜಾಗಕ್ಕೆ ಹಾಕಿದರು. (ಪಾಪ ಅನ್ನಿಸುತ್ತೆ, ನಿಜ.) ಒಂದರ ಹಿಂದೊಂದು ಬರುತ್ತಿದ್ದ ಮರಿಗಳು ತಡವಾಗತೊಡಗಿದವು. ಕಾರಣ ಮಿದುಳೇ ತಯಾರಿಸುವ, ಮಾರ್ಫಿನ್ ಜಾತಿಯ ಓಪಿಯಾಯ್ಡ್‌ಗಳು. ಅವು ಆಕ್ಸಿಟೋಸಿನ್ ಬಿಡುಗಡೆಗೆ ಬ್ರೇಕ್ ಹಾಕಿದ್ದವು. ಆ ಓಪಿಯಾಯ್ಡ್‌ಗಳನ್ನು ತಡೆಯುವ ನಾಲೋಕ್ಸೋನ್ ಕೊಟ್ಟಾಗ ಮರಿಗಳು ಮತ್ತೆ ಬೇಗ ಬೇಗ ಬಂದವು. ಗೂಡಿನ ಹತ್ತಿರ ಅಪಾಯ ಇದ್ದಾಗ ಉಳಿದ ಮರಿಗಳನ್ನು ಸ್ವಲ್ಪ ಹೊತ್ತು ಒಳಗೇ ಇಟ್ಟುಕೊಳ್ಳುವುದರಲ್ಲಿ ಅರ್ಥವಿದೆ ಅಲ್ವಾ? ಅದನ್ನು ಹೇಡಿತನ ಅನ್ನೋಕೆ ನನಗಂತೂ ಮನಸ್ಸು ಬರಲ್ಲ.

ಹಾಗಂತ ಇಲಿಯ ಲೆಕ್ಕವನ್ನು ನೇರವಾಗಿ ನಮಗೆ ಹಚ್ಚೋಕಾಗಲ್ಲ. ನಮ್ಮಲ್ಲಿ ಪ್ರೊಜೆಸ್ಟರೋನ್ ಬಹುಪಾಲು ಬರುವುದು ಪ್ಲಾಸೆಂಟಾದಿಂದ, ಹೆರಿಗೆಗೆ ಮುಂಚೆ ರಕ್ತದಲ್ಲಿ ಇಲಿಯಷ್ಟು ಇಳಿಯುವುದೂ ಇಲ್ಲ. ಆಕ್ಸಿಟೋಸಿನ್ ಒಂದೇ ಎಲ್ಲಾ ಮಾಡುತ್ತೆ ಅನ್ನೋದೂ ಸುಳ್ಳು. ಆ ಜೀನ್ ತೆಗೆದ ಚುಂಡಿಲಿಗಳು 1996ರಲ್ಲಿ ಸರಾಗವಾಗಿಯೇ ಹೆತ್ತವು, ಹಾಲೂಡಿಸೋಕೆ ಮಾತ್ರ ಆಗಲಿಲ್ಲ. ಮತ್ತೆ ನೋವು ನಿಲ್ಲೋಕೆ ಬೇರೆ ಕಾರಣಗಳೂ ಇರುತ್ತವೆ. ಅದನ್ನು ನೋಡಬೇಕಾದವರು ಡಾಕ್ಟರ್, ಅದಕ್ಕೇ ಆಸ್ಪತ್ರೆಗೆ ಹೋಗೋದು ಮುಂದೂಡಬೇಡಿ. ನನ್ನ ತಕರಾರು "ಸುಮ್ನೆ" ಅನ್ನೋ ಆ ಒಂದು ಪದದ ಮೇಲೆ ಮಾತ್ರ. ಭಯಕ್ಕೂ ದೇಹದಲ್ಲಿ ದಾರಿಗಳಿವೆ.

ಬೆಳಗಿನ ಜಾವ ನಾಲ್ಕಕ್ಕೆ ಅಕ್ಕನಿಗೆ ಡ್ರಿಪ್ ಹಾಕಿದರು. ಅದೇ ಹೊತ್ತಿಗೆ ಡ್ಯೂಟಿಗೆ ಬಂದ ಇನ್ನೊಬ್ಬ ನರ್ಸ್ ಅಮ್ಮನನ್ನು ಒಳಗೆ ಬಿಟ್ಟು, ತಲೆ ಮೇಲಿನ ಲೈಟ್ ಆರಿಸಿದರು. ಅರ್ಧ ಗಂಟೆಯಲ್ಲಿ ನೋವು ವಾಪಸ್ ಬಂತು. ಅಕ್ಕ ಡ್ರಿಪ್‌ನಿಂದ ಅಂತಾಳೆ. ಅಮ್ಮ ಒಪ್ಪಲ್ಲ.