ಊರಿಂದೂರಿಗೆ ಕಾಲುದಾರಿ

ಸೊಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯು ಕೆರೂರನ್ನು ಮುಟ್ಟಿಕೊಂಡು ಸಾಗುತ್ತದೆ. ಮುಂಜಾನೆ ಅದರ ಅಂಚಿನಲ್ಲಿ ಸೈಕಲ್ ತುಳಿಯುತ್ತ ಶಾಲೆಗೆ ಬರುವ ಹಳ್ಳಿಯ ಹುಡುಗನು ಹಿಂದಿನಿಂದ ಲಾರಿಯ ಸದ್ದು ಕೇಳಿದೊಡನೆ ಕೆಳಗಿಳಿದು ಮುಳ್ಳುಕಂಟಿಯ ಬದಿಗೆ ನಿಲ್ಲುತ್ತಾನೆ; ಲಾರಿ ಹೋದ ಮೇಲೆ ಧೂಳೊರೆಸಿಕೊಂಡು ಮತ್ತೆ ಹತ್ತುತ್ತಾನೆ. ನಮ್ಮ ಸರ್ಕಾರವು 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಹಂಚಿತು. ಸೈಕಲ್ ಬಂದಿತು, ಅದಕ್ಕೊಂದು ದಾರಿ ಬರಲಿಲ್ಲ.

ಬಾಗಲಕೋಟೆ, ಕೆರೂರ, ಬಾದಾಮಿ, ಹುನಗುಂದ, ಇಳಕಲ್ಲ ಈ ಊರುಗಳನ್ನು ನಡೆಯುವವರಿಗೂ ಸೈಕಲ್ ಸವಾರರಿಗೂ ಮೀಸಲಾದ ದಾರಿಗಳಿಂದ ಜೋಡಿಸಬೇಕೆಂದು ನಾನು ಹೇಳಿದರೆ, ಮೋಟಾರಿನ ಕಾಲದಲ್ಲಿ ನಡೆಯುವವರಾರು ಎಂದು ಕೆಲವರು ನಕ್ಕಾರು. ಅಂಥವರು ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯ ಬಳಿಯ ಬನಶಂಕರಿಗೆ ಬರಬೇಕು. ಯುಗಾದಿಯ ಮುನ್ನ ಶ್ರೀಶೈಲದ ಮಲ್ಲಯ್ಯನ ಹೆಸರು ಹೇಳುತ್ತ ಹೊರಡುವ ಪಾದಯಾತ್ರಿಗಳನ್ನು ನೋಡಬೇಕು. ನಡೆಯುವವರಿಗೆ ಕೊರತೆಯಿಲ್ಲ. ಅವರ ಪಾಲಿಗೆ ಉಳಿದಿರುವುದು ಡಾಂಬರಿನ ಅಂಚು ಮಾತ್ರ.

ಹೊಸ ರಸ್ತೆಗಳನ್ನೇ ಕಡಿಯಬೇಕೆಂದು ನನ್ನ ವಾದವಲ್ಲ. ಹಳೆಯ ಗ್ರಾಮನಕಾಶೆಯನ್ನು ಬಿಚ್ಚಿದರೆ ಬಂಡಿದಾರಿ, ಕಾಲುದಾರಿಗಳ ಗೆರೆಗಳು ಕಾಣುತ್ತವೆ. ಬಾದಾಮಿಯಿಂದ ಗುಡ್ಡವನ್ನೇರಿ ಮಹಾಕೂಟಕ್ಕಿಳಿಯುವ ಕಾಲುದಾರಿ ಇಂದಿಗೂ ಇದೆ. ಮೋಟಾರು ರಸ್ತೆ ಸುತ್ತಿ ಬಳಸಿ ಹೋಗುವಲ್ಲಿಗೆ ಅದು ನೇರವಾಗಿ ಒಯ್ಯುತ್ತದೆ. ಆರನೆಯ ಶತಮಾನದ ಚಾಲುಕ್ಯರ ರಾಜಧಾನಿಯಿಂದ ಮಹಾಕೂಟಕ್ಕೆ ಹೋದವರು ಮೋಟಾರಿಗಾಗಿ ಕಾಯಲಿಲ್ಲವಷ್ಟೆ! ಬೆಲ್ಜಿಯಮ್ ದೇಶದ ಲಿಂಬರ್ಗ್ ಪ್ರಾಂತದಲ್ಲಿ ಕಲ್ಲಿದ್ದಲ ಗಣಿಗಳು ಮುಚ್ಚಿದ ಮೇಲೆ, 1995ರಲ್ಲಿ, ಸೈಕಲ್ ದಾರಿಗಳು ಕೂಡುವ ಕಡೆಗಳಲ್ಲೆಲ್ಲ ಅಂಕೆಗಳ ಫಲಕ ನಿಲ್ಲಿಸಿದರು. ಸವಾರನು ಅಂಕೆಯಿಂದ ಅಂಕೆಗೆ ಸಾಗುತ್ತಾನೆ. ಇದ್ದ ಹಾದಿಗಳೇ ಹೀಗೆ ಒಂದು ಜಾಲವಾದವು.

ಅಡ್ಡಿಗಳಿಲ್ಲವೆಂದಲ್ಲ. ಬಂಡಿದಾರಿಗಳನ್ನು ಎಷ್ಟೋ ಕಡೆ ಹೊಲದವರು ಉತ್ತು ಸೇರಿಸಿಕೊಂಡಿದ್ದಾರೆ, ಬಿಡಿಸಹೋದರೆ ಜಗಳ. ರೈತನನ್ನು ಬೆದರಿಸಿ ಬಿಡಿಸುವುದಕ್ಕಿಂತ, ಆ ದಾರಿಯಲ್ಲಿ ಅವನ ಚಕ್ಕಡಿಯೂ ಹೋಗಲೆಂದು ಒಪ್ಪಿಸುವುದೇ ಲೇಸೆಂದು ನನಗೆ ತೋರುತ್ತದೆ. ಹುನಗುಂದದ ಕಡೆಯ ಎರೆಮಣ್ಣು ಮಳೆಯಲ್ಲಿ ಸೈಕಲ್ಲಿನ ಗಾಲಿಯನ್ನು ಹಿಡಿದು ನಿಲ್ಲಿಸಿಬಿಡುತ್ತದೆ. ಇಳಕಲ್ಲಿನ ಕಲ್ಲುಗಣಿಗಳಲ್ಲಿ ಬೇಡವೆಂದು ಎಸೆದ ಕಲ್ಲುಚೂರು ಅಲ್ಲಿ ಹಾಸಿಗೆಯಾಗಬಹುದು. ಮಲಪ್ರಭೆಯ ದಂಡೆಯಲ್ಲಿ ಮಾತ್ರ ಎಚ್ಚರ ಬೇಕು. 2009ರಲ್ಲಿಯೂ 2019ರಲ್ಲಿಯೂ ಹೊಳೆ ಪಟ್ಟದಕಲ್ಲಿನ ಗುಡಿಗಳವರೆಗೆ ಬಂದಿತ್ತು. ಇನ್ನು ಬಿಸಿಲು. ಅದಕ್ಕೆ ಬೇವಿನ ಸಾಲು, ಹರದಾರಿಗೊಂದು ಅರವಟ್ಟಿಗೆ; ಈ ಉಪಾಯವನ್ನು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕೆಲಸವನ್ನು ಎಲ್ಲಿಂದ ಆರಂಭಿಸಬೇಕು? ಬಾದಾಮಿ, ಪಟ್ಟದಕಲ್ಲು, ಐಹೊಳೆ ಎಂದು ಹಲವರು ಹೇಳುವರು. ಪಟ್ಟದಕಲ್ಲು 1987ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ, ನೋಡುವವರು ದೂರದೂರದಿಂದ ಬರುತ್ತಾರೆ, ನಿಜ. ಆದರೆ ಪ್ರವಾಸಿಗಾಗಿ ಮಾಡಿದ ದಾರಿ ಬೇಸಗೆಯಲ್ಲಿ ಬರಿದಾಗಿ ಬಿದ್ದು, ಎರಡು ವರ್ಷದಲ್ಲಿ ಜಾಲಿ ಬೆಳೆದು ಮುಚ್ಚಿಹೋದೀತು. ದಿನವೂ ಕಾಲು ಬೀಳುವ ದಾರಿ ಉಳಿಯುತ್ತದೆ. ಆದ್ದರಿಂದ ಒಂದನೆಯ ಅಂಕೆಯ ಕಲ್ಲನ್ನು ಕೆರೂರಿನ ಒಂದು ಶಾಲೆಯ ಮುಂದೆ ನೆಡಬೇಕು; ಅಲ್ಲಿಂದ ಸುತ್ತಣ ಹಳ್ಳಿಗಳಿಗೆ, ಆಮೇಲೆ ಬಾದಾಮಿಗೆ.